ಮಂಗಳೂರಿನ ರೆಸ್ಲಿಂಗ್ ಶೋಗೆ ಟಿಕೆಟ್ ತಗೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಹಂಪನಕಟ್ಟೆಯಲ್ಲಿ ಮತ್ತೆ ಪೋಸ್ಟರ್ ಬಿದ್ದಿದೆ. ಕಳೆದ ಸಲ ಪ್ರೊ ರೆಸ್ಲಿಂಗ್ ಶೋ ಮಾಡಿದ ಅದೇ ಸಂಘಟಕರು, ಅದೇ ಮುಖವಾಡದ ವಿದೇಶಿ ಪೈಲ್ವಾನ, ಅದೇ ನಮ್ಮೂರ ಹುಡುಗ. ದೂರು ಕೊಟ್ಟಿರುವ ಕಾರಣ ಹೆಸರು ಹಾಕುವುದಿಲ್ಲ. ಆದರೆ ರಿಂಗ್‌ಸೈಡ್ ಟಿಕೆಟಿಗೆ ದುಡ್ಡು ಹಾಕುವ ಮೊದಲು ಕಳೆದ ಸಲ ಏನಾಯ್ತು ಅಂತ ನಿಮಗೆ ಗೊತ್ತಿರಲಿ.

‘ಅದೆಲ್ಲ ನಾಟಕ ಅಂತ ಗೊತ್ತಿಲ್ವಾ ಮಾರಾಯ್ರೆ’ ಅಂತ ಮಾತ್ರ ಕೇಳಬೇಡಿ. ಗೊತ್ತುಂಟು. 1989ರಲ್ಲೇ ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯೂಡಬ್ಲ್ಯೂಎಫ್‌ನವರು (ಈಗಿನ ಡಬ್ಲ್ಯೂಡಬ್ಲ್ಯೂಇ) ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ‘ನಮ್ಮದು ಸ್ಪರ್ಧೆ ಅಲ್ಲ, ಮನರಂಜನೆ’ ಅಂತ ತಾವಾಗಿಯೇ ಹೇಳಿದ್ದರು. ಕ್ರೀಡಾ ಆಯೋಗದ ನಿಯಮ, ತೆರಿಗೆ ತಪ್ಪಿಸಿಕೊಳ್ಳಬೇಕಿತ್ತು, ಅದಕ್ಕೆ. ಟೆನ್ ಸ್ಪೋರ್ಟ್ಸ್ ಚಾನೆಲಿನಲ್ಲಿ ರೆಸ್ಲಿಂಗ್ ನೋಡಿ, ಪೈಲ್ವಾನರ ಫೋಟೋ ಇರುವ ಟ್ರಂಪ್ ಕಾರ್ಡ್ ಆಡಿ ಬೆಳೆದ ನಮಗೆ ಇದರಲ್ಲಿ ಹೊಸತೇನಿಲ್ಲ. ಕಟೀಲು ಮೇಳದ ದೇವಿ ಮಹಾತ್ಮೆ ಯಕ್ಷಗಾನದಲ್ಲಿ ಮಹಿಷಾಸುರ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು. ಆದರೂ ದೊಂದಿ ಹಿಡಿದು ಜನರ ನಡುವಿನಿಂದ ಅವನು ಬರುವುದನ್ನು ನೋಡಲು ನಿದ್ದೆಗೆಟ್ಟು ಕಾಯುತ್ತೇವೆ. ಯಾಕೆಂದರೆ ಬಂದವನು ಕೊನೆಗೆ ಸಾಯುತ್ತಾನೆ. ‘ವಧೆ ಮುಂದಿನ ಆಟದಲ್ಲಿ, ಟಿಕೆಟ್ ಬೇರೆ’ ಅಂತ ಭಾಗವತರು ಹೇಳಿದರೆ ಹೇಗಿರುತ್ತದೆ? ನಮಗೆ ಆದದ್ದು ಅದು.

ವಾರಗಟ್ಟಲೆ ರೀಲ್ಸ್ ಬಂದವು. ಒಪ್ಪಿಕೊಳ್ಳಲೇಬೇಕು, ಕಥೆ ಚೆನ್ನಾಗಿ ಕಟ್ಟಿದ್ದರು. ಮೊದಲು ಮುಖವಾಡದವನು ಪ್ರೆಸ್‌ಮೀಟ್‌ನಲ್ಲಿ ನಮ್ಮ ಹುಡುಗನ ಕೆನ್ನೆಗೆ ಬಾರಿಸಿದ. ಆಮೇಲೆ ಜಿಮ್ಮಿಗೆ ನುಗ್ಗಿ ಅವನ ಗುರುಗಳ ಕೈ ಮುರಿದ ಹಾಗೆ ಮಾಡಿದ. ಕೊನೆಗೆ ಹುಡುಗ ಕಣ್ಣೀರು ಹಾಕಿ ಶಪಥ ಮಾಡಿದ: ಸೋತರೆ ಕರಾವಳಿಯಲ್ಲಿ ಮತ್ತೆ ರಿಂಗ್ ಹತ್ತುವುದಿಲ್ಲ. ಪೋಸ್ಟರಿನಲ್ಲಿ ‘ಕೊನೆಯ ಕಾಳಗ’ ಅಂತ ದಪ್ಪ ಅಕ್ಷರ. ಈ ಎರಡು ಪದಕ್ಕೇ ನಾನು ಒಂದೂವರೆ ಸಾವಿರದ ಟಿಕೆಟ್ ತಗೊಂಡದ್ದು. ಉಡುಪಿ, ಕಾರ್ಕಳದಿಂದ ಗಾಡಿ ಮಾಡಿಕೊಂಡು ಬಂದವರೂ ಇದ್ದರು.

ಆ ರಾತ್ರಿ ಮುಖವಾಡದವನು ಹೊಗೆಯ ನಡುವೆ ಬಂದ. ರೀಲ್ಸ್‌ನಲ್ಲಿ ಅವನು ನಮ್ಮ ಹುಡುಗನಿಗಿಂತ ಒಂದು ತಲೆ ಎತ್ತರ, ಎಡತೋಳಿನ ತುಂಬ ಹಚ್ಚೆ. ಬಂದವನು ಹುಡುಗನ ಕಿವಿಯವರೆಗೂ ಇರಲಿಲ್ಲ. ತೋಳಿನಲ್ಲಿ ಹಚ್ಚೆಯೂ ಇಲ್ಲ. ಹಿಂದಿನ ಸಾಲಿನಲ್ಲಿದ್ದ ಒಂದು ಮಗು ಜೋರಾಗಿ, ‘ಪಪ್ಪಾ, ಇವ ಅವ ಅಲ್ಲ!’ ಅಂದಿತು. ಸುತ್ತ ಇದ್ದವರೆಲ್ಲ ನಕ್ಕೆವು. 1994ರಲ್ಲಿ ಡಬ್ಲ್ಯೂಡಬ್ಲ್ಯೂಎಫ್‌ನ ಸಮ್ಮರ್‌ಸ್ಲ್ಯಾಮ್ ಶೋದಲ್ಲೂ ಅಂಡರ್‌ಟೇಕರ್ ಎಂಬ ಪೈಲ್ವಾನನ ವೇಷದಲ್ಲಿ ಇಬ್ಬರು ಬಂದಿದ್ದರು. ಆದರೆ ಅಲ್ಲಿ ಅಸಲಿ ಯಾರು, ನಕಲಿ ಯಾರು ಎಂಬುದೇ ಕಥೆ. ಇಲ್ಲಿ ಮೈಕಿನವರು ಏನೂ ಆಗದವರ ಹಾಗೆ ಅದೇ ಹೆಸರು ಕೂಗಿದರು.

ಪಂದ್ಯ ಐದು ನಿಮಿಷವೂ ನಡೆಯಲಿಲ್ಲ. ಯಾವನೋ ಒಬ್ಬ ಕುರ್ಚಿ ಹಿಡಿದು ಓಡಿ ಬಂದ, ಇಬ್ಬರಿಗೂ ಹೊಡೆದ, ಗಂಟೆ ಬಾರಿಸಿದರು. ಗೆದ್ದವರಿಲ್ಲ, ಸೋತವರಿಲ್ಲ. ಹುಡುಗ ಮೈಕ್ ತಗೊಂಡು ‘ಇದು ಇಲ್ಲಿಗೆ ಮುಗಿಯಲಿಲ್ಲ’ ಅಂದ. ಅವನ ಮಾತು ಮುಗಿಯುವ ಮೊದಲೇ ಪರದೆಯ ಮೇಲೆ ಮುಂದಿನ ಶೋದ ಕ್ಯೂಆರ್ ಕೋಡ್ ಬಂತು. ಅಂದರೆ ನಾವು ದುಡ್ಡು ಕೊಟ್ಟು ಕೂತು ನೋಡಿದ್ದು ಇನ್ನೊಂದು ಜಾಹೀರಾತು.

ಒಂದು ಮಾತು ಹೇಳದಿದ್ದರೆ ಅನ್ಯಾಯ ಆಗುತ್ತದೆ. ಅದೇ ರಾತ್ರಿ ಇಬ್ಬರು ಹುಡುಗಿಯರು ಆಡಿದ ಪಂದ್ಯ ಬಹಳ ಚಂದ ಇತ್ತು. ಹಿಡಿತ, ಬೀಳುವ ರೀತಿ, ಜನರನ್ನು ಸೆಳೆದದ್ದು, ಎಲ್ಲ ಸರಿ. ಅವರ ಫೋಟೋ ಪೋಸ್ಟರಿನಲ್ಲೇ ಇರಲಿಲ್ಲ!

ಅರ್ಧ ಕಥೆ ತೋರಿಸಿ ಮುಂದಿನ ಶೋ ಮಾರುವುದು ಈ ವ್ಯಾಪಾರದಲ್ಲಿ ಹಳೆಯದು. ಅದೇ ತಪ್ಪು ಅಂತ ನಾನು ಹೇಳುವುದಿಲ್ಲ. 2016ರ ಫೆಬ್ರವರಿಯಲ್ಲಿ ಉತ್ತರಾಖಂಡದ ಹಲ್ದ್ವಾನಿಯ ಶೋದಲ್ಲಿ ನಮ್ಮ ದೇಶದ ಪೈಲ್ವಾನ ಗ್ರೇಟ್ ಖಲಿಗೆ ವಿದೇಶಿ ಪೈಲ್ವಾನರು ಕುರ್ಚಿಯಿಂದ ಹೊಡೆದರು. ಖಲಿ ಆಸ್ಪತ್ರೆ ಸೇರಿದ್ದು ಟಿವಿಗಳಲ್ಲಿ ದೊಡ್ಡ ಸುದ್ದಿ. ಕೆಲವೇ ದಿನದಲ್ಲಿ ಡೆಹ್ರಾಡೂನ್ ಶೋ, ಅಲ್ಲಿ ಖಲಿ ಗೆದ್ದು ಸೇಡು ತೀರಿಸಿಕೊಂಡರು. ಎಷ್ಟೇ ನಗಾಡಿದರೂ ಡೆಹ್ರಾಡೂನ್‌ನಲ್ಲಿ ಟಿಕೆಟ್ ತಗೊಂಡವನಿಗೆ ಕೊನೆ ಸಿಕ್ಕಿತು. 

ದೊಡ್ಡ ಕಂಪನಿಗಳೂ ಎಡವಿವೆ. 1996-97ರಲ್ಲಿ ಅಮೆರಿಕದ ಇನ್ನೊಂದು ಕಂಪನಿ ಡಬ್ಲ್ಯೂಸಿಡಬ್ಲ್ಯೂ ಒಂದು ವರ್ಷಕ್ಕೂ ಜಾಸ್ತಿ ಕಾಲ ಸ್ಟಿಂಗ್ ಎಂಬ ಪೈಲ್ವಾನನನ್ನು ಪಂದ್ಯ ಆಡಿಸದೆ ಚಾವಣಿಯ ಕಂಬಿಗಳಲ್ಲಿ ನಿಲ್ಲಿಸಿ, ಚಾಂಪಿಯನ್ ಹೋಗನ್ ಜೊತೆಗಿನ ಪಂದ್ಯಕ್ಕೆ ಜನರನ್ನು ಕಾಯಿಸಿತು. ರೆಫ್ರಿ ಮೂರು ಎಣಿಸುವವರೆಗೆ ಎದುರಾಳಿಯನ್ನು ನೆಲಕ್ಕೆ ಒತ್ತಿ ಹಿಡಿದರೆ ಗೆಲುವು. 1997ರ ಡಿಸೆಂಬರ್ 28ರ ಸ್ಟಾರ್‌ಕೇಡ್ ಶೋದಲ್ಲಿ ಕಥೆಯ ಪ್ರಕಾರ ರೆಫ್ರಿ ಬೇಗ ಎಣಿಸಿ ಸ್ಟಿಂಗ್‌ಗೆ ಮೋಸ ಮಾಡಬೇಕಿತ್ತು, ಮಾಮೂಲಿ ಹಾಗೆಯೇ ಎಣಿಸಿದ. ಸ್ಟಿಂಗ್ ನ್ಯಾಯವಾಗಿಯೇ ಸೋತ ಹಾಗೆ ಕಂಡಿತು. ಆಮೇಲೆ ಅವನಿಗೆ ಚಾಂಪಿಯನ್ ಬೆಲ್ಟ್ ಕೊಟ್ಟರೂ ರುಚಿ ಹೋಗಿತ್ತು. ಅಭಿಮಾನಿಗಳು ಇವತ್ತಿಗೂ ಬೈಯುತ್ತಾರೆ.

‘ನಮ್ಮ ಹುಡುಗ’ ಅಂತ ಮಾರುವುದರಲ್ಲೂ ಜಾಗ್ರತೆ ಬೇಕು. 2017ರ ಮೇಯಲ್ಲಿ ಡಬ್ಲ್ಯೂಡಬ್ಲ್ಯೂಇ ಭಾರತೀಯ ಮೂಲದ ಜಿಂದರ್ ಮಹಲ್‌ನನ್ನು ಚಾಂಪಿಯನ್ ಮಾಡಿತು. ಕಣ್ಣು ಭಾರತದ ಮಾರುಕಟ್ಟೆ ಮೇಲೆ ಅಂತ ಎಲ್ಲರೂ ಮಾತಾಡಿಕೊಂಡರು. ನವೆಂಬರ್‌ನಲ್ಲಿ ಬೆಲ್ಟ್ ಹೋಯಿತು. ಡಿಸೆಂಬರ್ 9ರಂದು ದೆಹಲಿಯಲ್ಲಿ, ನಮ್ಮ ಜನರ ಎದುರೇ, ಅಮೆರಿಕದ ಟ್ರಿಪಲ್ ಎಚ್ ಕೈಯಲ್ಲಿ ಅವನನ್ನು ಸೋಲಿಸಿದರು. ಯಾರಿಗಾಗಿ ಕಟ್ಟಿದ ಕಥೆ ಅದು ಹಾಗಾದರೆ?

ಅದೇ ಕಂಪನಿಯ ಕೋಡಿ ರೋಡ್ಸ್ ಕಥೆ ಮಾತ್ರ ನೋಡುಗರ ಜೋರಿನಿಂದ ಉಳಿಯಿತು. 2024ರ ಫೆಬ್ರವರಿಯಲ್ಲಿ, ಚಾಂಪಿಯನ್ ರೋಮನ್ ರೇನ್ಸ್ ಎದುರಿನ ಪಂದ್ಯದಲ್ಲಿ ಅವನ ಜಾಗಕ್ಕೆ ಹಳೆಯ ಸ್ಟಾರ್ ರಾಕ್‌ನನ್ನು ತರುವ ಹಾಗೆ ಕಂಡಾಗ ಅಭಿಮಾನಿಗಳು ಗಲಾಟೆ ಎಬ್ಬಿಸಿದರು. ಕಂಪನಿ ದಾರಿ ಬದಲಿಸಿತು. ಏಪ್ರಿಲ್ 7ಕ್ಕೆ ಕೋಡಿಯೇ ರೇನ್ಸ್‌ನನ್ನು ಸೋಲಿಸಿದ. ಇಲ್ಲಿಯೂ ನಾವು ಸುಮ್ನೆ ಕೂತರೆ ಇವರು ಬದಲಾಗುವುದಿಲ್ಲ.

ಈಗ ಹೊಸ ಪೋಸ್ಟರ್ ವಿಷಯ. ಅದರಲ್ಲಿ ‘ಸೇಡು’ ಅಂತ ಉಂಟು, ಪಂದ್ಯದ ನಿಯಮ ಇಲ್ಲ. ಪಂಜರದೊಳಗಾ, ಹೊರಗಿನವರು ಬಂದರೆ ಏನು, ಗೆದ್ದವರು ಇರಲೇಬೇಕಾ, ಒಂದೂ ಬರೆದಿಲ್ಲ. ಹಾಗಿದ್ದರೆ ಕುರ್ಚಿಯವನು ಮತ್ತೆ ಬರುತ್ತಾನೆ ಅಂತಲೇ ಲೆಕ್ಕ ಹಾಕಿ. ವಿದೇಶಿ ಪೈಲ್ವಾನ ತನ್ನ ಸ್ವಂತ ಇನ್‌ಸ್ಟಾಗ್ರಾಮ್‌ನಲ್ಲಿ ಮಂಗಳೂರಿನ ಹೆಸರು ಹಾಕಿದ್ದಾನಾ ನೋಡಿ. ಕಳೆದ ಸಲ ಹಾಕಿರಲಿಲ್ಲ ಅಂತ ಶೋ ಮುಗಿದ ಮೇಲೆ ಹುಡುಕಿದಾಗ ಗೊತ್ತಾಯಿತು. ಟಿಕೆಟ್ ದುಡ್ಡು ಯಾರದೋ ಸ್ವಂತ ಫೋನ್ ನಂಬರಿಗೆ ಹಾಕಿಸುತ್ತಿದ್ದರೆ ಬೇಡವೇ ಬೇಡ.

ಕಳೆದ ಸಲ ಕೌಂಟರಿನಲ್ಲಿ ದುಡ್ಡು ವಾಪಸ್ ಕೇಳಿದ್ದಕ್ಕೆ ಅಲ್ಲಿ ಕೂತಿದ್ದ ಹುಡುಗ ಟಿಕೆಟ್ ತಿರುಗಿಸಿ ತೋರಿಸಿದ: ‘ಅಣ್ಣ, ಕಾರ್ಡ್ ಬದಲಾಗಬಹುದು ಅಂತ ಬರೆದುಂಟಲ್ಲ.’ ಕಾರ್ಡ್ ಅಂದರೆ ಆ ರಾತ್ರಿಯ ಪಂದ್ಯಗಳ ಪಟ್ಟಿ. ಬರೆದದ್ದು ಹೌದು. ಎಲ್ಲ ಕಡೆಯೂ ಬರೆಯುತ್ತಾರೆ. ಪೆಟ್ಟಾಗುತ್ತದೆ, ವೀಸಾ ಸಿಗುವುದಿಲ್ಲ, ಅರ್ಥ ಆಗುತ್ತದೆ. ಆದರೆ ಆಡುವವನು ಬದಲಾದರೆ ಹೇಳಬೇಕು. ಅದೇ ಮುಖವಾಡ ಇನ್ನೊಬ್ಬನಿಗೆ ಹಾಕಿ ಕಳಿಸುವುದಲ್ಲ.

ಕಳೆದ ಶೋ ನೋಡಿದವರು ಟಿಕೆಟ್, ಪೋಸ್ಟರಿನ ಫೋಟೋ, ರೀಲ್ಸ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ರೀಲ್ಸ್ ಒಂದೊಂದಾಗಿ ಅಳಿಸುತ್ತಿದ್ದಾರೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತೂ ಬರುತ್ತದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯ ಇದೆ, 5 ಲಕ್ಷದವರೆಗೆ ಶುಲ್ಕ ಇಲ್ಲ. ಒಬ್ಬೊಬ್ಬರೇ ಓಡಾಡುವುದಕ್ಕಿಂತ ಒಟ್ಟಿಗೆ ಹೋಗುವುದು ಒಳ್ಳೆಯದು. ಟಿಕೆಟ್ ಇದ್ದವರು ನನಗೆ ಮೆಸೇಜ್ ಮಾಡಿ. ಮುಖವಾಡದವನ ಎಡತೋಳು ಕಾಣುವ ಹಾಗೆ ಆ ರಾತ್ರಿಯ ವಿಡಿಯೋ ಯಾರ ಹತ್ತಿರ ಇದ್ದರೂ ಅದು ಮೊದಲು ಬೇಕು.