ಮ್ಯಾಲಪ್ರಾಪ್‌ಳಿಂದ ಪಫ್‌ವರೆಗೆ: ಶೆರಿಡನ್‌ನ ಐದು ನಾಟಕಗಳ ಒಂದು ಸಂಪುಟ

ಹದಿನೆಂಟನೆಯ ಶತಮಾನದ ಇಂಗ್ಲಿಷ್ ಹಾಸ್ಯನಾಟಕಗಳ ಪೈಕಿ ಇಂದಿಗೂ ರಂಗದ ಮೇಲೆ ಬದುಕಿರುವವು ಬೆರಳೆಣಿಕೆಯಷ್ಟು, ಅವುಗಳಲ್ಲಿ ಎರಡು ಮೂರು ರಿಚರ್ಡ್ ಬ್ರಿನ್‌ಸ್ಲಿ ಶೆರಿಡನ್ ಒಬ್ಬನವೇ. ಮೈಕಲ್ ಕಾರ್ಡ್ನರ್ ಸಂಪಾದಿಸಿ 1998ರಲ್ಲಿ ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್ ಮಾಲೆಯಲ್ಲಿ ಪ್ರಕಟವಾದ 'ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್ ಅಂಡ್ ಅದರ್ ಪ್ಲೇಸ್' ಎಂಬ ಪೇಪರ್‌ಬ್ಯಾಕ್ ಸಂಪುಟವು ಅವನ ಐದು ನಾಟಕಗಳನ್ನು ಒಟ್ಟಿಗೆ ಕೊಡುತ್ತದೆ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ಅನೇಕರಿಗೆ ಶೆರಿಡನ್ ಎಂದರೆ ಪಾತ್ರಚಿತ್ರಣದ ಮೇಲೆ ಬರುವ ಹತ್ತು ಅಂಕಗಳ ಪ್ರಶ್ನೆ. ಗೈಡುಗಳು ಪ್ರತಿ ಪಾತ್ರಕ್ಕೂ ಒಂದೊಂದು ಹಣೆಪಟ್ಟಿ ಕಟ್ಟಿ ಕೈತೊಳೆದುಕೊಳ್ಳುತ್ತವೆ: ತಪ್ಪು ಮಾತಿನವಳು, ಕಪಟಿ, ಹೇಡಿ, ದುಂದುಗಾರ. ಐದೂ ನಾಟಕಗಳನ್ನು ಒಂದರ ಹಿಂದೆ ಒಂದರಂತೆ ಓದಿದಾಗ ಈ ಹಣೆಪಟ್ಟಿಗಳು ಎಷ್ಟು ತೆಳುವಾದವು ಎಂಬುದು ತಿಳಿಯುತ್ತದೆ. ಶೆರಿಡನ್‌ನ ಮರೆಯಲಾಗದ ಪಾತ್ರಗಳೆಲ್ಲವೂ ಇನ್ನೊಬ್ಬರ ಎದುರು ಒಂದು ವೇಷ ಕಟ್ಟಿಕೊಂಡು ನಿಂತಿರುವವರೇ, ಆ ವೇಷ ಯಾವ ಗಳಿಗೆಯಲ್ಲಿ ಕಳಚಬೇಕು ಎಂಬ ಲೆಕ್ಕಾಚಾರದಲ್ಲಿಯೇ ಅವನ ಕಸುಬು ಇದೆ.

ಮೊದಲನೆಯ ನಾಟಕ 'ದಿ ರೈವಲ್ಸ್'. 1775ರ ಜನವರಿ 17ರಂದು ಲಂಡನ್ನಿನ ಕವೆಂಟ್ ಗಾರ್ಡನ್‌ನಲ್ಲಿ ಅದು ಮೊದಲು ರಂಗಕ್ಕೆ ಬಂದಾಗ ಶೆರಿಡನ್‌ಗೆ 23 ವರ್ಷ, ನಾಟಕ ನೆಲಕಚ್ಚಿತು. ವಿಪರೀತ ಉದ್ದವಾಯಿತು ಎಂದರು, ಐರಿಷ್ ಪಾತ್ರವಾದ ಸರ್ ಲೂಷಿಯಸ್ ಒಟ್ರಿಗರ್ ಆ ಜನಾಂಗಕ್ಕೆ ಅವಮಾನ ಎಂದರು, ಆ ಪಾತ್ರ ಮಾಡಿದ ನಟನ ಮೇಲೆ ಸೇಬುಹಣ್ಣು ಎಸೆದದ್ದೂ ಆಯಿತು. ಶೆರಿಡನ್ ನಾಟಕವನ್ನು ಹಿಂದಕ್ಕೆ ಪಡೆದು, ಕತ್ತರಿಸಿ, ತಿದ್ದಿ, ಆ ಪಾತ್ರಕ್ಕೆ ನಟನನ್ನೂ ಬದಲಿಸಿ ಅದೇ ತಿಂಗಳ 28ರಂದು ಮತ್ತೆ ಆಡಿಸಿದ. ಈ ಸಲ ಅದು ಗೆದ್ದಿತು. ತಾನೇ ಐರಿಷ್ ಮೂಲದವನಾದ ಡಬ್ಲಿನ್ನಿನ ಹುಡುಗನೊಬ್ಬ ಇಂಥ ಆರೋಪಕ್ಕೆ ಗುರಿಯಾದದ್ದು ವಿಚಿತ್ರವೇ ಸರಿ.

ಈ ನಾಟಕದ, ದೊಡ್ಡ ಪದಗಳನ್ನು ತಪ್ಪಾಗಿ ಬಳಸುವ ಮಿಸೆಸ್ ಮ್ಯಾಲಪ್ರಾಪ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ನೈಲ್ ನದಿಯ ದಡದ ಅಲಿಗೇಟರ್‌ಗೆ ಬದಲಾಗಿ ಅವಳು ಕೂರಿಸುವ 'ಅಲೆಗರಿ' (ರೂಪಕಕಥೆ), ಸಭ್ಯತೆಯ ಶಿಖರ ('ಪಿನಕಲ್') ಎನ್ನುವ ಕಡೆ ಅವಳ ಬಾಯಿಂದ ಬರುವ 'ಪೈನಾಪಲ್'. ಈ ಮಾತುಗಳು ಇಂದಿಗೂ ನಗಿಸುತ್ತವೆ, ಆದರೆ ಅವಳು ಪಾತ್ರವಾಗಿ ಉಳಿದಿರುವುದು ಬರೀ ಅವುಗಳಿಂದಲ್ಲ. ಮೂರನೆಯ ಅಂಕದಲ್ಲಿ ಕ್ಯಾಪ್ಟನ್ ಜ್ಯಾಕ್ ಆಬ್ಸಲ್ಯೂಟ್‌ನ ಕೈಗೆ ಅವಳೇ ಒಂದು ಪತ್ರ ಕೊಟ್ಟು ಓದಿಸುತ್ತಾಳೆ. ಅವಳ ಸೋದರ ಸೊಸೆ ಲಿಡಿಯಾಳಿಗೆ ಯಾರೋ ಬಡ ಸೈನಿಕ ಬರೆದ ಪ್ರೇಮಪತ್ರ ಅದು, ಅದರಲ್ಲಿ ಅವಳನ್ನೇ ಮುದಿ ಹೆಣ್ಣು ಡ್ರಾಗನ್ ಎಂದು ಬೈದಿದೆ, ಅವಳ ದೊಡ್ಡ ದೊಡ್ಡ ಪದಗಳ ಹುಚ್ಚನ್ನು ಲೇವಡಿ ಮಾಡಿದೆ. ಆ ಬಡ ಸೈನಿಕ ಬೇರಾರೂ ಅಲ್ಲ, ವೇಷ ಮರೆಸಿಕೊಂಡ ಜ್ಯಾಕ್‌ನೇ. ತಾನೇ ಬರೆದ ಬೈಗುಳವನ್ನು ಬೈಸಿಕೊಂಡವಳ ಎದುರೇ ಗಟ್ಟಿಯಾಗಿ ಓದುತ್ತ, ಛೇ ಎಂಥ ದುರಹಂಕಾರಿ ಎಂದು ಅವಳೊಡನೆ ತಲೆಯಾಡಿಸುತ್ತ ಹೋಗಬೇಕಾದ ಈ ಸಂದರ್ಭವನ್ನು ಓದುವಾಗಲೇ ನಟನ ಕಣ್ಣು ಎತ್ತ ಹೊರಳುತ್ತದೆ ಎಂಬುದು ಕಾಣುತ್ತದೆ. ನಾಟಕದ ಕೊನೆಯಲ್ಲಿ, ಸರ್ ಲೂಷಿಯಸ್‌ಗೆ ಡೀಲಿಯಾ ಎಂಬ ಹೆಸರಿನಲ್ಲಿ ಪ್ರೇಮಪತ್ರ ಬರೆಯುತ್ತಿದ್ದವಳು ತಾನೇ ಎಂದು ಮ್ಯಾಲಪ್ರಾಪ್ ಎಲ್ಲರ ಮುಂದೆ ಒಪ್ಪಿಕೊಂಡಾಗ ಅವನು ಒಲ್ಲೆನೆಂದು ಸರಿದುಬಿಡುತ್ತಾನೆ. ಅಲ್ಲಿ ನಗು ತುಸು ಕಹಿಯಾಗುತ್ತದೆ. ವಿದ್ಯಾವಂತೆಯ ವೇಷ ಕಟ್ಟಿದ್ದು ಯಾರಾದರೂ ತನ್ನನ್ನು ಮೆಚ್ಚಲಿ ಎಂದಲ್ಲವೇ ಎಂಬ ಪ್ರಶ್ನೆಯನ್ನು ಶೆರಿಡನ್ ಹೇಳದೆ ಬಿಟ್ಟಿದ್ದಾನೆ.

ಲಿಡಿಯಾಳ ವೇಷವಾದರೂ ಓದಿನದೇ. ಹಿರಿಯರು ಬರುವ ಸುಳಿವು ಸಿಕ್ಕೊಡನೆ ಅವಳು ದಾಸಿಯಿಂದ ಕಾದಂಬರಿಗಳನ್ನು ಬೀರುವಿನೊಳಗೂ ದಿಂಬಿನ ಹಿಂದೂ ತುರುಕಿಸಿ, ಹೆಣ್ಣುಮಕ್ಕಳಿಗೆ ನೀತಿ ಹೇಳುವ ಫೋರ್ಡೈಸ್‌ನ ಧರ್ಮೋಪದೇಶಗಳನ್ನು ಮೇಜಿನ ಮೇಲೆ ತೆರೆದಿಡಿಸುತ್ತಾಳೆ. ಆ ಪುಸ್ತಕದ ಹಾಳೆಗಳನ್ನು ಕೇಶವಿನ್ಯಾಸದವನು ಕೂದಲು ಸುರುಳಿ ಸುತ್ತಲು ಆಗಲೇ ಹರಿದುಕೊಂಡು ಹೋಗಿದ್ದಾನೆ! ನಾಟಕದ ಇನ್ನೊಂದು ಪ್ರೇಮಿಗಳ ಜೋಡಿಯಾದ ಜೂಲಿಯಾ ಮತ್ತು ಫಾಕ್‌ಲ್ಯಾಂಡ್‌ರ ಕಣ್ಣೀರಿನ ದೃಶ್ಯಗಳ ಬಗ್ಗೆ ನನಗೆ ತಾಳ್ಮೆಯಿಲ್ಲ. ಪುಟ ಹಾರಿಸಿದರೆ ಕಥೆಗೇನೂ ನಷ್ಟವಾಗದು.

ಸಂಪುಟದ ಮಧ್ಯದ ಎರಡು ನಾಟಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ದಿ ಡುಯೆನ್ನಾ' ತನ್ನ ಕಾಲದಲ್ಲಿ ಮೊದಲ ಋತುವಿನಲ್ಲಿಯೇ 75 ಪ್ರಯೋಗ ಕಂಡ ಹಾಡುನಾಟಕ, ಆದರೆ ಸಂಗೀತವಿಲ್ಲದೆ ಅಚ್ಚಿನಲ್ಲಿ ಓದಿದಾಗ ಸಪ್ಪೆ. 'ಎ ಟ್ರಿಪ್ ಟು ಸ್ಕಾರ್ಬರೋ' ವ್ಯಾನ್‌ಬ್ರೂ ಎಂಬ ಹಳೆಯ ನಾಟಕಕಾರನ ಕೃತಿಯೊಂದನ್ನು ಮರ್ಯಾದಸ್ಥರಿಗೆ ಒಪ್ಪುವಂತೆ ತೊಳೆದು ಬಳಿದು ಮಾಡಿದ್ದು.

ಹಣ ಕೊಟ್ಟಿದ್ದು ಸಾರ್ಥಕವಾಗುವುದು ನಾಲ್ಕನೆಯ ನಾಟಕದಲ್ಲಿ. 1777ರ ಮೇ 8ರಂದು ಡ್ರೂರಿ ಲೇನ್ ರಂಗಮಂದಿರದಲ್ಲಿ ಮೊದಲು ಆಡಿದ 'ದಿ ಸ್ಕೂಲ್ ಫಾರ್ ಸ್ಕ್ಯಾಂಡಲ್' ನಾಟಕದ ನಾಲ್ಕನೆಯ ಅಂಕದ ಪರದೆ ದೃಶ್ಯವನ್ನು ಎಷ್ಟು ನಿಧಾನವಾಗಿ ಓದಿದರೂ ಸಾಲದು. ಬಾಯಿ ತೆರೆದರೆ ನೀತಿವಾಕ್ಯ ಉದುರಿಸುವ ಜೋಸೆಫ್ ಸರ್ಫೇಸ್‌ನ ಗ್ರಂಥಾಲಯ. ಹಳ್ಳಿಯಿಂದ ಬಂದು ಮುದುಕನನ್ನು ಮದುವೆಯಾಗಿ, ಪಟ್ಟಣದ ಫ್ಯಾಷನ್ ಎಂಬ ಕಾರಣಕ್ಕೆ ಜೋಸೆಫ್‌ನ ಬಲೆಗೆ ಬೀಳಲು ಸಿದ್ಧಳಾಗಿರುವ ಲೇಡಿ ಟೀಜಲ್. ಅಷ್ಟರಲ್ಲಿ ಬರುವ ಅವಳ ಗಂಡ ಸರ್ ಪೀಟರ್. ಅವಳು ಕೋಣೆಯಲ್ಲಿ ಮರೆಗೆಂದು ನಿಲ್ಲಿಸಿದ್ದ ಪರದೆಯ ಹಿಂದೆ ಅಡಗುತ್ತಾಳೆ. ಆ ಪರದೆಯ ಮೇಲೆ ನಕಾಶೆಗಳು ತೂಗುತ್ತಿವೆ. ಏನನ್ನಾದರೂ ಬೇಗ ಹುಡುಕಬೇಕಾದಾಗ ಇದು ಬಹಳ ಅನುಕೂಲ ಎಂದು ಸರ್ ಪೀಟರ್ ಮೆಚ್ಚಿದರೆ, ಬೇಗ ಬಚ್ಚಿಡಬೇಕಾದಾಗಲೂ ಅನುಕೂಲವೇ ಎಂದು ಜೋಸೆಫ್ ತನ್ನಷ್ಟಕ್ಕೆ ಅಂದುಕೊಳ್ಳುತ್ತಾನೆ. ಬಳಿಕ ಗಂಡ ತನ್ನ ಸಂಕಟ ತೋಡಿಕೊಳ್ಳುತ್ತಾನೆ: ಹೆಂಡತಿಯ ಮೇಲೆ ಸಂಶಯವಿದೆ, ಆದರೂ ಅವಳ ಹೆಸರಿಗೆ ವರ್ಷಕ್ಕೆ 800 ಪೌಂಡುಗಳನ್ನೂ ತನ್ನ ನಂತರ ಆಸ್ತಿಯ ಬಹುಭಾಗವನ್ನೂ ಬರೆದಿಡುತ್ತಿದ್ದೇನೆ ಎನ್ನುತ್ತಾನೆ. ಇದನ್ನು ಅವಳು ಪರದೆಯ ಹಿಂದಿನಿಂದ ಕೇಳಿಸಿಕೊಳ್ಳುತ್ತಿದ್ದಾಳೆ. ಒಂದು ಸಾಲು ಮಾತೂ ಇಲ್ಲದೆ, ಮುಖವೂ ಕಾಣದೆ, ಪಾತ್ರವೊಂದು ಪ್ರೇಕ್ಷಕರ ಕಣ್ಣೆದುರೇ ಬದಲಾಗಿಬಿಡುವ ಇಂಥ ಸಂದರ್ಭ ಹಾಸ್ಯನಾಟಕದಲ್ಲಿ ಅಪರೂಪ. ಆಮೇಲೆ ಜೋಸೆಫ್‌ನ ತಮ್ಮ ಚಾರ್ಲ್ಸ್ ಬಂದು ಪರದೆಯನ್ನು ಕೆಡವಿದಾಗ ಜೋಸೆಫ್ ಎಂದಿನಂತೆ ಸುಳ್ಳು ಹೆಣೆಯತೊಡಗುತ್ತಾನೆ. ಆ ಸುಳ್ಳಿಗೆ ಲೇಡಿ ಟೀಜಲ್ ದನಿಗೂಡಿಸುವುದಿಲ್ಲ. ಮುಂದೆ ನಾಟಕಕಾರನಾದ ಫ್ರೆಡೆರಿಕ್ ರೆನಾಲ್ಡ್ಸ್ ಬಾಲಕನಾಗಿದ್ದಾಗ ಆ ಮೊದಲ ರಾತ್ರಿ ರಂಗಮಂದಿರದ ಪಕ್ಕದ ಓಣಿಯಲ್ಲಿ ನಡೆದು ಹೋಗುತ್ತಿದ್ದನಂತೆ. ಒಳಗಿನ ಅಬ್ಬರ ಕೇಳಿ ಕಟ್ಟಡವೇ ಕುಸಿಯುತ್ತಿದೆಯೆಂದು ಹೆದರಿ ಓಟ ಕಿತ್ತ. ಅದು ಪರದೆ ಬಿದ್ದಾಗ ಎದ್ದ ಚಪ್ಪಾಳೆಯ ಸದ್ದಾಗಿತ್ತು.

ಜೋಸೆಫ್‌ನ ಪಾತ್ರವನ್ನು ಮೊದಲು ಮಾಡಿದ ಜಾನ್ ಪಾಮರ್‌ಗೆ ಸಹೋದ್ಯೋಗಿಗಳು ನಯವಂಚಕ ಎಂಬರ್ಥದ ಅಡ್ಡಹೆಸರನ್ನೇ ಇಟ್ಟಿದ್ದರು. ಶೆರಿಡನ್‌ನೊಂದಿಗೆ ಜಗಳವಾಡಿ ಹೋಗಿದ್ದ ಅವನು ಮರಳಿ ಬಂದು ಎದೆಯ ಮೇಲೆ ಕೈಯಿಟ್ಟು ಪಶ್ಚಾತ್ತಾಪದ ಭಾಷಣ ಆರಂಭಿಸಿದಾಗ, ಈ ಪಾತ್ರ ಬರೆದವನು ನಾನೇ ಎಂಬುದನ್ನು ಮರೆತೆಯಾ ಎಂದು ಶೆರಿಡನ್ ಕೇಳಿದನೆಂಬ ಕಥೆ ಪ್ರಸಿದ್ಧವಾಗಿದೆ.

ಭಾರತೀಯ ಓದುಗರಿಗೆ ಈ ನಾಟಕದಲ್ಲಿ ಇನ್ನೊಂದು ಎಳೆ ಸಿಗುತ್ತದೆ. ಚಾರ್ಲ್ಸ್ ಮನೆಯ ಪೂರ್ವಜರ ಚಿತ್ರಗಳನ್ನೆಲ್ಲ ಹರಾಜು ಹಾಕುತ್ತಾನೆ, ಅದಕ್ಕೆ ಸುತ್ತಿಗೆಯಾಗಿ ಬಳಸುವುದು ಸುರುಳಿ ಸುತ್ತಿದ ವಂಶವೃಕ್ಷವನ್ನು! ಆದರೆ ಭಾರತದಲ್ಲಿ ಹಣ ಗಳಿಸಿ ಬಂದ ಚಿಕ್ಕಪ್ಪ ಸರ್ ಆಲಿವರ್‌ನ ಚಿತ್ರವನ್ನು ಮಾತ್ರ, ಉಳಿದೆಲ್ಲಕ್ಕೆ ಕೊಟ್ಟಷ್ಟೇ ಹಣ ಇದೊಂದಕ್ಕೇ ಕೊಡುತ್ತೇನೆಂದರೂ ಅವನು ಮಾರುವುದಿಲ್ಲ; ಕೇಳುತ್ತಿರುವ ಗಿರಾಕಿ ವೇಷ ಮರೆಸಿಕೊಂಡ ಆ ಚಿಕ್ಕಪ್ಪನೇ. ಆ ಸಂಪತ್ತು ಎಲ್ಲಿಂದ ಹೇಗೆ ಬಂತು ಎಂದು ನಾಟಕ ಕೇಳುವುದಿಲ್ಲ. ಕೇಳಿದ್ದು ಹತ್ತು ವರ್ಷಗಳ ನಂತರ ಸಂಸತ್ತಿನ ಸದಸ್ಯನಾಗಿದ್ದ ಶೆರಿಡನ್‌ನೇ. 1787ರ ಫೆಬ್ರವರಿಯಲ್ಲಿ ಅವಧದ ಬೇಗಮರಿಂದ ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್ ಹಣ ಸುಲಿದ ವಿಷಯವಾಗಿ ಅವನು ಐದು ಗಂಟೆಗೂ ಮೀರಿ ಮಾತನಾಡಿದ. ಹೇಸ್ಟಿಂಗ್ಸ್‌ಗೆ ಆ ಹಣದ ತುರ್ತು ಬಂದದ್ದಕ್ಕೆ ಒಂದು ಮುಖ್ಯ ಕಾರಣ, ನಮ್ಮ ಮೈಸೂರಿನ ಹೈದರ್ ಅಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಸಾರಿದ್ದ ಯುದ್ಧದ ಖರ್ಚು.

ಕೊನೆಯ ನಾಟಕ 'ದಿ ಕ್ರಿಟಿಕ್' 1779ರದು. ಅದರ ಮಿಸ್ಟರ್ ಪಫ್ ಹಣಕ್ಕಾಗಿ ಪತ್ರಿಕೆಗಳಲ್ಲಿ ಹೊಗಳಿಕೆ ಬರೆಯುವವನು; ಹೊಗಳಿಕೆಯಲ್ಲಿ ಐದು ಬಗೆಗಳಿವೆ ಎಂದು ಶಾಸ್ತ್ರಕಾರನ ಗತ್ತಿನಲ್ಲಿ ವಿವರಿಸುತ್ತಾನೆ. ಹಿಂದೆ ಎರಡು ವರ್ಷ ಬರೀ ತನ್ನ ದುರದೃಷ್ಟಗಳ ಜಾಹೀರಾತು ಕೊಟ್ಟು, ಬಾರದ ರೋಗ, ಆಗದ ದಿವಾಳಿಗಳನ್ನು ಹೇಳಿಕೊಂಡು ಬದುಕಿದ್ದಾಗಿ ಅವನು ಯಾವ ನಾಚಿಕೆಯೂ ಇಲ್ಲದೆ ಹೇಳುತ್ತಾನೆ. ಉಳಿದವರ ವೇಷವನ್ನು ಯಾರೋ ಕಳಚಬೇಕು. ಇವನು ತಾನೇ ಬಿಚ್ಚಿ ತೋರಿಸಿ ಅದರ ಬೆಲೆಯನ್ನೂ ಹೇಳುತ್ತಾನೆ. ಇಂದಿನ ಆನ್‌ಲೈನ್ ವಿಮರ್ಶೆಗಳನ್ನು ಓದಿ ಬೇಸತ್ತವರಿಗೆ ಐದರಲ್ಲಿ ಅತ್ಯಂತ ಹತ್ತಿರದ ಪಾತ್ರ ಇವನೇ. ಅವನು ಬರೆದ ಐತಿಹಾಸಿಕ ನಾಟಕದ ತಾಲೀಮಿನಲ್ಲಿ ಲಾರ್ಡ್ ಬರ್ಲಿ ಎಂಬ ಮಂತ್ರಿ ಬಂದು, ಕೂತು, ಯೋಚಿಸಿ, ತಲೆಯಾಡಿಸಿ, ಒಂದೂ ಮಾತಾಡದೆ ಹೊರಟುಹೋಗುತ್ತಾನೆ. ಆ ಒಂದು ತಲೆಯಾಡಿಸುವಿಕೆಯಲ್ಲಿ ದೇಶದ ಸ್ಥಿತಿಗತಿಯೆಲ್ಲ ಅಡಗಿದೆ ಎಂದು ಪಫ್ ಕೊಡುವ ವ್ಯಾಖ್ಯಾನವನ್ನು ಸಾಹಿತ್ಯ ವಿಮರ್ಶಕರೂ ಒಮ್ಮೆ ಓದಿಕೊಂಡರೆ ಒಳ್ಳೆಯದು.

ದೋಷಗಳನ್ನೂ ಹೇಳಬೇಕು. 'ಸ್ಕೂಲ್ ಫಾರ್ ಸ್ಕ್ಯಾಂಡಲ್'ನ ಲೇವಾದೇವಿಗಾರ ಮೋಸಸ್‌ನ ಚಿತ್ರಣದಲ್ಲಿ, 'ಡುಯೆನ್ನಾ'ದ ಐಸಾಕ್‌ನ ಚಿತ್ರಣದಲ್ಲಿ ಯಹೂದಿಗಳ ಬಗ್ಗೆ ಆ ಕಾಲಕ್ಕಿದ್ದ ತಾತ್ಸಾರವೇ ಎದ್ದು ಕಾಣುತ್ತದೆ, ಇಲ್ಲಿ ಶೆರಿಡನ್ ಹಣೆಪಟ್ಟಿಯ ಆಚೆಗೆ ಹೋಗಲೇ ಇಲ್ಲ. ಪಠ್ಯದ ವಿಷಯದಲ್ಲಿ ಸಂಪಾದಕರ ಶ್ರಮ ದೊಡ್ಡದು. 'ಸ್ಕೂಲ್ ಫಾರ್ ಸ್ಕ್ಯಾಂಡಲ್' ಅನ್ನು ಶೆರಿಡನ್ ತಾನಾಗಿ ಅಚ್ಚು ಮಾಡಿಸಲಿಲ್ಲ, ಡಬ್ಲಿನ್ನಿನಲ್ಲಿ ಅವನ ಅನುಮತಿಯಿಲ್ಲದೆ ಪ್ರತಿಗಳು ಹೊರಬಂದವು. ಕಾಗುಣಿತವನ್ನು ಇಂದಿನ ರೂಢಿಗೆ ತಂದಿರುವುದರಿಂದ ಓದು ಸಲೀಸು. ಟಿಪ್ಪಣಿಗಳೆಲ್ಲ ಪುಸ್ತಕದ ಕೊನೆಯಲ್ಲಿರುವುದು ಮಾತ್ರ ಕಿರಿಕಿರಿ; ಮ್ಯಾಲಪ್ರಾಪ್ ಮಾತಾಡುವ ಪುಟಗಳಲ್ಲಿ ಹಿಂದೆ ಮುಂದೆ ತಿರುವುತ್ತಲೇ ಇರಬೇಕಾಗುತ್ತದೆ. ಹೊಸದಾಗಿ ಶೆರಿಡನ್ ಓದುವವರು ಮುದ್ರಿತ ಕ್ರಮವನ್ನು ಬಿಟ್ಟು ನೇರವಾಗಿ ಪರದೆ ದೃಶ್ಯವಿರುವ ನಾಟಕದಿಂದಲೇ ಆರಂಭಿಸಬಹುದು, ಸಾಧ್ಯವಾದರೆ ನಾಲ್ಕು ಜನ ಕೂಡಿ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಬೇಕು. ಲೇಡಿ ಟೀಜಲ್‌ಳ ಪಾಲು ಬಂದವರು ಪರದೆ ಬೀಳುವವರೆಗೆ ಸುಮ್ಮನೆ ಕುಳಿತು ಕೇಳಬೇಕಾಗುತ್ತದೆ, ಆ ಪಾತ್ರ ಅರ್ಥವಾಗಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.