ಮೌಸ್ ಹಿಡಿದು ಸೇತುವೆ ಕಟ್ಟಬೇಡಿ

ಮೊಬೈಲ್ ನಕ್ಷೆ ನಂಬಿ ಕಾಸರಗೋಡಿನ ಒಳಪ್ರದೇಶಕ್ಕೆ ವಾಹನ ಒಯ್ಯುವವರೂ, ಮನೆಯಲ್ಲಿ ಕುಳಿತು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ (ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲ ನಕ್ಷೆ) ರಸ್ತೆ ಎಳೆಯುವ ಉತ್ಸಾಹಿಗಳೂ ಇದನ್ನು ಓದಬೇಕು. ಮುಖ್ಯವಾಗಿ ಎರಡನೆಯವರು.

ಕಳೆದ ಮಳೆಗಾಲದಲ್ಲಿ ಮುಳ್ಳೇರಿಯ ಕಡೆಯ ಪೂಜೆಯೊಂದಕ್ಕೆ ಅಡುಗೆ ಪಾತ್ರೆ ಹೇರಿಕೊಂಡ ಪಿಕಪ್‌ನಲ್ಲಿ ಹೊರಟಿದ್ದೆವು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಮೊಬೈಲ್ ನಕ್ಷೆ ಒಳದಾರಿ ತೋರಿಸಿತು. ಕಾಂಕ್ರೀಟು ಮುಗಿದು ಕೆಮ್ಮಣ್ಣಿನ ಇಳಿಜಾರು, ಅದರ ಬುಡದಲ್ಲಿ ತುಂಬಿ ಹರಿಯುವ ತೋಡು, ಅದರ ಮೇಲೆ ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸಂಕ. ಪರದೆಯಲ್ಲಿ ಮಾತ್ರ ಸೇತುವೆ! ಹಿಂದಕ್ಕೆ ತೆಗೆಯುವಾಗ ಚಕ್ರ ಹೂತಿತು. ತೋಟದವರು ಬಂದು ಸೋಗೆ ಹಾಸಿ ತಳ್ಳಿದರು. “ಹೀಗೆ ಬಂದವರಲ್ಲಿ ನೀವು ಮೊದಲಿನವರಲ್ಲ ಮಾರಾಯರೇ” ಎಂದರು ಅಲ್ಲಿನ ಹಿರಿಯರು.

ಮನೆಗೆ ಬಂದು ಆ ನಕ್ಷೆಯನ್ನು ತಿದ್ದುವ ‘ಐಡಿ’ ಎಂಬ ಎಡಿಟರ್ ತೆರೆದು ನೋಡಿದರೆ ಸಂಗತಿ ತಿಳಿಯಿತು. ತೋಟದ ದಾರಿಯನ್ನು ಯಾರೋ ಉಪಗ್ರಹ ಚಿತ್ರ ನೋಡಿ ‘ರೆಸಿಡೆನ್ಷಿಯಲ್’, ಅಂದರೆ ಮನೆಗಳ ನಡುವಿನ ವಾಹನ ರಸ್ತೆ, ಎಂದು ಎಳೆದಿದ್ದಾರೆ. ಅಡಿಕೆಯ ತಲೆಗಳ ಕೆಳಗೆ ಏನಿದೆಯೆಂದು ಆ ಚಿತ್ರ ಹೇಳುವುದಿಲ್ಲ. ರಸ್ತೆಯ ಗೆರೆ ತೋಡಿನ ಗೆರೆಯನ್ನು ದಾಟಿದರೆ ಐಡಿ ಎಡಿಟರ್ ಎಚ್ಚರಿಸುತ್ತದೆ. ಪರಿಹಾರವಾಗಿ ಸೇತುವೆ ಸೇರಿಸುವ ಗುಂಡಿಯನ್ನೂ ಕೊಡುತ್ತದೆ. ಈ ಪುಣ್ಯಾತ್ಮರು ಎಚ್ಚರಿಕೆಯ ಬಾಯಿ ಮುಚ್ಚಿಸಲು ಆ ಗುಂಡಿ ಒತ್ತಿದಂತಿದೆ. ಅಲ್ಲಿಗೆ ಎರಡು ತೋಟದ ದಾರಿಗಳು ಸೇರಿ ಒಂದು ‘ರಸ್ತೆ’ಯಾಯಿತು. ದಾರಿ ಲೆಕ್ಕ ಹಾಕುವ ತಂತ್ರಾಂಶಕ್ಕೆ ಕಣ್ಣಿಲ್ಲ. ಗೆರೆಗಳು ಕೂಡುವ ಬಿಂದುಗಳು ಜೋಡಿಯಾಗಿದ್ದರೆ ಅದು ವಾಹನವನ್ನು ಕಳುಹಿಸಿಬಿಡುತ್ತದೆ.

ನೋಡದ ಜಾಗಕ್ಕೆ ಸೇತುವೆ ಹಾಕುವುದಕ್ಕಿಂತ ಗೆರೆಯನ್ನು ತೋಡಿನ ಈಚೆಗೇ ನಿಲ್ಲಿಸುವುದು ಲೇಸು. ತೋಟದ ದಾರಿಯನ್ನು ‘ಟ್ರ್ಯಾಕ್’ ಎಂದೂ, ಕಾಲುಸಂಕವನ್ನು ‘ಫುಟ್‌ವೇ’ ಎಂದೂ ಗುರುತಿಸಿ. ಕೆಂಪುಕಲ್ಲಿನ ಕೋರೆಗೆ ಹೋಗುವ ಲಾರಿ ದಾರಿಗಳ ಬಗ್ಗೆಯಂತೂ ಇನ್ನಷ್ಟು ಜಾಗ್ರತೆ ಬೇಕು: ಮೇಲಿನಿಂದ ಅವು ಪಂಚಾಯತ್ ರಸ್ತೆಗಿಂತ ಅಗಲವಾಗಿ, ಸ್ಪಷ್ಟವಾಗಿ ಕಾಣುತ್ತವೆ, ಕೊನೆಗೆ ಹೊಂಡಕ್ಕೆ ಒಯ್ಯುತ್ತವೆ. ಚಿತ್ರವೇ ಕೆಲವು ಮೀಟರ್ ಸರಿದಿರುವುದೂ ಉಂಟು. ಗುಡ್ಡದ ಸೀಮೆಯಲ್ಲಿ ಜಿಪಿಎಸ್ ಜಾಡುಗಳೊಂದಿಗೆ ತಾಳೆ ನೋಡದೆ ಹಳೆಯ ಗೆರೆಗಳನ್ನು ಎಳೆದಾಡಬೇಡಿ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇದೇ ರೋಗ ತಿರುಗುಮುರುಗು. ಅಡಿಯಲ್ಲಿ ಹೋಗುವ ಅಡ್ಡರಸ್ತೆಯನ್ನು ಮೇಲಿನ ಆರು ಪಥಕ್ಕೆ ಒಂದೇ ಬಿಂದುವಿನಲ್ಲಿ ಗಂಟು ಹಾಕಿದರೆ, ಅಂಡರ್‌ಪಾಸಿನೊಳಗಿನಿಂದಲೇ ಹೆದ್ದಾರಿಗೆ ತಿರುಗಿ ಎನ್ನುತ್ತದೆ ಮೊಬೈಲು. ಅಲ್ಲಿರುವುದು ಗೋಡೆ. ಅಲ್ಲಿ ಬಿಂದು ಸೇರಿಸಬಾರದು. ಮೇಲಿನದಕ್ಕೆ ‘ಬ್ರಿಡ್ಜ್’, ‘ಲೇಯರ್ 1’ (ಒಂದು ಹಂತ ಮೇಲೆ) ಎಂಬ ಗುರುತು ಕೊಡಬೇಕು.

ಗೂಗಲ್ ನಕ್ಷೆ ನೋಡಿ ನಕಲಿಸುವುದಂತೂ ಪರವಾನಗಿಗೇ ವಿರುದ್ಧ.

ಮುಳ್ಳೇರಿಯ ಬದಿಯ ಆ ತುಂಡನ್ನು ಬದಲಾವಣೆಯ ಕಾರಣ ಬರೆದು ತಿದ್ದಿದ್ದೇನೆ. ತೋಡಿನ ಆಚೆಯ ದಾರಿ ಯಾರದೋ ಅಂಗಳದಲ್ಲಿ ಮುಗಿಯುವಂತೆ ಕಾಣುತ್ತದೆ. ಅಲ್ಲಿ ನಕ್ಷೆಯ ಮೇಲೊಂದು ಟಿಪ್ಪಣಿ ಇಟ್ಟಿದ್ದೇನೆ. ಆ ಕಡೆ ನಡೆದು ನೋಡಿದವರು ಅದಕ್ಕೆ ಉತ್ತರ ಬರೆಯಿರಿ.