ಟೆನ್‌ಸಿಸಿಯ ‘ಐಯಾಮ್ ನಾಟ್ ಇನ್ ಲವ್’: ಏಳು ಇಂಚಿನ ರೆಕಾರ್ಡ್ ಕೊಳ್ಳಬಹುದಾ?

ಚಿಕ್ಕಮಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಈ ರೆಕಾರ್ಡ್ ಸಿಕ್ಕಿತು. ಯಾವುದೋ ಎಸ್ಟೇಟ್ ಬಂಗಲೆ ಖಾಲಿ ಮಾಡಿದಾಗ ಬಂದ ಮಾಲಂತೆ. 300 ರೂಪಾಯಿ ಹೇಳಿದರು, ಚೌಕಾಸಿ ಮಾಡಿ 200ಕ್ಕೆ ತಂದೆ. ಕವರಿಗೆ ಬೂಸ್ಟು ಹಿಡಿದಿತ್ತು. ನಮ್ಮ ಮಳೆಗಾಲ ಗೊತ್ತಲ್ವಾ, ಚರ್ಮದ ಚಪ್ಪಲಿಯನ್ನೇ ಬಿಡಲ್ಲ.

ಟೆನ್‌ಸಿಸಿ ಅನ್ನೋ ನಾಲ್ಕು ಜನರ ಬ್ರಿಟಿಷ್ ಬ್ಯಾಂಡಿನ 1975ರ ಹಾಡಿದು. ಹಿಟ್ ಹಾಡುಗಳ ಪಟ್ಟಿಯಲ್ಲಿ ಬ್ರಿಟನ್‌ನಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ಎರಡನೇ ಸ್ಥಾನ. ‘ಐ ಲವ್ ಯೂ’ ಅಂತ ನೀವು ಜಾಸ್ತಿ ಹೇಳೋದೇ ಇಲ್ಲ ಅಂತ ಹೆಂಡತಿ ಕೇಳಿದ್ದಕ್ಕೆ ಬ್ಯಾಂಡಿನ ಎರಿಕ್ ಸ್ಟುವರ್ಟ್ ಇದನ್ನು ಶುರು ಮಾಡಿದರು. ದಿನಾ ಹೇಳಿದರೆ ಆ ಮಾತಿಗೆ ಬೆಲೆ ಇರಲ್ಲ ಅನ್ನೋದು ಅವರ ವಾದ. ಬ್ಯಾಂಡಿನ ಇನ್ನೊಬ್ಬ ಗ್ರಹಾಂ ಗೌಲ್ಡ್‌ಮನ್ ಜೊತೆ ಕೂತು ಬರೆದರು. ಹಾಡೋನು ಪ್ರೀತಿ ಇಲ್ಲ ಅಂತಾನೇ ಇರ್ತಾನೆ, ಅವಳ ಫೋಟೋ ನೇತುಹಾಕಿರೋದು ಗೋಡೆಯ ಕಲೆ ಮುಚ್ಚೋಕೆ ಅಂತಾನೆ. (ಮಲೆನಾಡಿನ ಗೋಡೆಗಳಾದರೆ ನಂಬಬಹುದಿತ್ತು.)

ಮೊದಲು ಬೋಸಾ ನೋವಾ ಅನ್ನೋ ಬ್ರೆಜಿಲ್ ಸಂಗೀತದ ಧಾಟಿಯಲ್ಲಿ ರೆಕಾರ್ಡ್ ಮಾಡಿದ್ದರು. ಹಿಡಿಸದೆ ಕೈಬಿಟ್ಟರು. ಆದರೆ ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನ ಅವರ ಸ್ಟ್ರಾಬೆರಿ ಸ್ಟುಡಿಯೋದ ಕೆಲಸದವರು ಅದನ್ನೇ ಗುನುಗ್ತಾ ಓಡಾಡುತ್ತಿದ್ದರಂತೆ. ಹಾಗಾಗಿ ಮತ್ತೆ ಕೈಗೆತ್ತಿಕೊಂಡಾಗ, ವಾದ್ಯಗಳ ಬದಲು ಬರೀ ಗಂಟಲಲ್ಲೇ ಮಾಡೋಣ ಅಂದಿದ್ದು ಬ್ಯಾಂಡಿನ ಕೆವಿನ್ ಗಾಡ್ಲಿ. ಬ್ಯಾಂಡಿನ ಮೂರು ಜನ ಒಂದೊಂದು ಸ್ವರವನ್ನೂ 16 ಸಲ ‘ಆಆ’ ಅಂತ ಹಾಡಿದರು, ಅಂದರೆ ಸ್ವರಕ್ಕೆ 48 ದನಿ. ಅಂಥ 13 ಸ್ವರ ಸೇರಿ ಒಟ್ಟು 624. ಟೇಪಿನ ಎರಡೂ ತುದಿ ಅಂಟಿಸಿ ನಿಲ್ಲದೆ ಸುತ್ತೋ ಹಾಗೆ ಮಾಡಿದರು. ಆಮೇಲೆ ನಾಲ್ಕೂ ಜನ ಮಿಕ್ಸರ್ (ದನಿಗಳನ್ನು ಬೆರೆಸೋ ಯಂತ್ರ) ಮುಂದೆ ಕೂತು, ಬೇಕಾದ ಸ್ವರದ ಫೇಡರ್, ಅಂದರೆ ಸದ್ದಿನ ಗುಂಡಿ, ಏರಿಸಿ ಇಳಿಸಿ, ಇಡೀ ಮಿಕ್ಸರನ್ನೇ ವಾದ್ಯದ ಥರ ನುಡಿಸಿದರು. ಕಂಪ್ಯೂಟರ್ ಇಲ್ಲದ ಕಾಲ ಸ್ವಾಮಿ! ನಡುವೆ ಬರೋ ಹೆಣ್ಣು ದನಿಯ ಪಿಸುಮಾತು ಸ್ಟುಡಿಯೋದ ಸೆಕ್ರೆಟರಿ ಕ್ಯಾಥಿ ರೆಡ್‌ಫರ್ನ್ ಅವರದು.

ಬಾಯಲ್ಲಿ ಇಲ್ಲ ಇಲ್ಲ ಅಂತಿರೋನ ಗುಟ್ಟನ್ನು ಹಿಂದಿನ ಆ 624 ದನಿಗಳು ಬಯಲು ಮಾಡಿಬಿಡುತ್ತವೆ. ನನಗೆ ಹಾಡಿನ ಪೂರ್ತಿ ಮಜಾ ಇರೋದು ಅಲ್ಲೇ.

ರೆಕಾರ್ಡಿನ ತೊಂದರೆಯೂ ಅಲ್ಲೇ ಇದೆ. ಆರು ನಿಮಿಷದ ಹಾಡನ್ನು ಏಳು ಇಂಚಿನ ಒಂದೇ ಬದಿಗೆ ತುರುಕಬೇಕಾದರೆ ಗೆರೆಗಳು ಒತ್ತೊತ್ತಾಗಿ ಬರುತ್ತವೆ, ಸದ್ದು ತಗ್ಗುತ್ತದೆ. ಆಗ ಸಣ್ಣ ಗೀರೂ ಜೋರಾಗಿ ಕೇಳಿಸುತ್ತದೆ. ನನ್ನದರಲ್ಲಿ ಪಿಸುಮಾತು ಬರೋ ಹೊತ್ತಿಗೇ ಚಟಪಟ ಶುರು. ಸೋಪುನೀರಿನ ಮೆತ್ತನೆ ಬಟ್ಟೆಯಲ್ಲಿ, ಲೇಬಲ್ ನೆನೆಯದ ಹಾಗೆ ಒರೆಸಿದ ಮೇಲೆ ಅರ್ಧ ಹೋಯಿತು. ಉಳಿದರ್ಧ ಹೋಗಲ್ಲ ಬಿಡಿ.

ಸುಮ್ನೆ ಹಾಡು ಕೇಳೋ ಆಸೆ ಇದ್ದರೆ ರೆಕಾರ್ಡಿಗೆ ದುಡ್ಡು ಹಾಕಬೇಡಿ. ಮೊಬೈಲ್ ಸ್ಪೀಕರಲ್ಲೂ ಬೇಡ, ಆ ದನಿಗಳೆಲ್ಲ ಕಲಸಿಹೋಗುತ್ತವೆ. ಒಳ್ಳೇ ಹೆಡ್‌ಫೋನ್ ಹಾಕಿ, ಪೂರ್ತಿ ಆರು ನಿಮಿಷದ್ದನ್ನೇ ಹುಡುಕಿ. ಅಮೆರಿಕದ ಸಿಂಗಲ್‌ಗೆ (ಒಂದು ಹಾಡಿಗೆಂದೇ ಬರೋ ಸಣ್ಣ ರೆಕಾರ್ಡ್) ಅಂತ ಕತ್ತರಿಸಿದ್ದೂ ಒಂದಿದೆ. ರೆಕಾರ್ಡೇ ಬೇಕು ಅನ್ನೋರು ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ, ಆಮೇಲೆ ಚೌಕಾಸಿಗೆ ಇಳಿಯಿರಿ.